ಒಂದು ಸಸಿಯಿಂದ ಊರೆಲ್ಲ ತೋಟ

ಶಿಡ್ಲಘಟ್ಟ ಸೀಮೆಯ ಜಂಗಮಕೋಟೆ ಸುತ್ತಮುತ್ತಲ ಹಿಪ್ಪುನೇರಳೆ ತೋಟಗಳು ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಬರೀ ಸೊಪ್ಪು. ಬದುವಿನ ಮೇಲೆ ನಿಂತು ಒಂದೊಂದೇ ಎಲೆ ನೋಡಿ. ನಾಟಿ ಗಿಡದ ಎಲೆಯ ಅಂಚು ಸೀಳುಸೀಳು. ವಿ-1 ಎಂಬ ತಳಿಯ ಎಲೆ ಅಗಲ, ದಪ್ಪ, ಸೀಳಿಲ್ಲದ್ದು. ಸಸ್ಯಶಾಸ್ತ್ರ ಹುಟ್ಟಿದ್ದು ಈ ವ್ಯತ್ಯಾಸ ಗುರುತಿಸುವ ಕಣ್ಣಿನಿಂದ.

ಆ ಕಣ್ಣನ್ನು ಮೊದಲು ಪಳಗಿಸಿದ್ದು ವೈದ್ಯ. ಮದ್ದಿನ ಸೊಪ್ಪು ಯಾವುದು, ವಿಷದ ಸೊಪ್ಪು ಯಾವುದು ಎಂದು ತಿಳಿಯದಿದ್ದರೆ ರೋಗಿ ಉಳಿಯುತ್ತಿರಲಿಲ್ಲ. 16ನೇ ಶತಮಾನದಲ್ಲಿ ಇಟಲಿಯ ವೈದ್ಯ ಲೂಕಾ ಗೀನಿ ಗಿಡಗಳನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟು ಪಾಠ ಮಾಡಿದರು. ‘ಮೋರಸ್ ಇಂಡಿಕಾ’, ‘ಮೋರಸ್ ಆಲ್ಬಾ’ ಎಂದು ಸಸ್ಯಶಾಸ್ತ್ರಜ್ಞ ಲಿನೇಯಸ್ ಹಿಪ್ಪುನೇರಳೆಯನ್ನು ದಾಖಲಿಸಿದ್ದು 1753ರಲ್ಲಿ.

ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆಗೆ ಅದೇ ಕಣ್ಣು ಮತ್ತೆ ಬೇಕಾಯಿತು; ರೇಷ್ಮೆಹುಳುವಿನ ಮೇವು ಈ ಸೊಪ್ಪೇ ತಾನೆ. ಕಡ್ಡಿ ನೆಟ್ಟರೆ ತಾಯಿಯಂಥದೇ ಗಿಡ ಬರುತ್ತದೆ; ಹೊಸತು ಬೇಕೆಂದರೆ ಬೀಜವೇ ಗತಿ. ಬೀಜದ ಸಸಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ನಾಟಿಯ ಬೀಜದ ಸಸಿಗಳಲ್ಲೇ ಆರಿಸಿದ್ದು ಎಂ-5. ಚನ್ನಪಟ್ಟಣದ ಕಣ್ವದ ಹೆಸರಿನಿಂದ ಅದನ್ನು ಕಣ್ವ-2 ಎಂದೂ ಕರೆಯುತ್ತಾರೆ. ವಿ-1 ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಎರಡು ತಳಿಗಳನ್ನು ಅಡ್ಡಹಾಯಿಸಿ ಪಡೆದದ್ದು. ಎಲ್ಲ ವಿ-1 ತೋಟಗಳೂ ಹಾಗೆ ಆರಿಸಿದ ಒಂದೇ ಸಸಿಯ ಕಡ್ಡಿಗಳು! ಇದನ್ನು ತಿಳಿದ ಮೇಲೆ ಆ ತೋಟ ನನಗೆ ಬೇರೆಯಾಗಿಯೇ ಕಾಣತೊಡಗಿತು. ಅಂಜಿಕೆಯೂ ಅಲ್ಲೇ ಇದೆ. ಒಂದು ಗಿಡ ತಾಳದ ರೋಗವನ್ನು ಅದೇ ಸಸಿಯ ಕಡ್ಡಿಯಿಂದ ಬಂದ ಉಳಿದವೂ ತಾಳಲಾರವು. ಆಗ ತಳಿಗಾರರು ಹುಡುಕಿಕೊಂಡು ಹೋಗಬೇಕಾದದ್ದು ಬದುವಿನ ನಾಟಿ ಗಿಡವನ್ನೇ.

ಲಾಭ ತರದ ತಿಳಿವಳಿಕೆಗೂ ನನ್ನಲ್ಲಿ ಅಷ್ಟೇ ಗೌರವ. ಬಿಳಿ ಹಿಪ್ಪುನೇರಳೆಯ ಗಂಡುಹೂವು ಪರಾಗವನ್ನು ಶಬ್ದದ ವೇಗದ ಅರ್ಧಕ್ಕೂ ಮಿಗಿಲಾದ ವೇಗದಲ್ಲಿ ಚಿಮ್ಮಿಸುತ್ತದೆಂದು ವಿಜ್ಞಾನಿಗಳು 2006ರಲ್ಲಿ ಅಳೆದು ತೋರಿಸಿದರು. ಇದರಿಂದ ರೇಷ್ಮೆಗೂಡಿನ ಬೆಲೆ ಏರಲಿಲ್ಲ. ಹಣ್ಣನ್ನೂ ಬಿಡಿಸಿ ನೋಡಿ: ಅದರ ಒಂದೊಂದು ಮಣಿಯೂ ಬೇರೆಬೇರೆ ಹೂವಿನದು. ಹಲಸಿನ ತೊಳೆಗಳೂ ಹಾಗೆಯೇ. ಎರಡೂ ಒಂದೇ ಕುಟುಂಬದವು.

ಶಿಡ್ಲಘಟ್ಟ ಸೀಮೆಯ ರೈತರಲ್ಲಿ ನನ್ನದೊಂದು ಕೋರಿಕೆ. ಹೊಸ ತಳಿ ಹಾಕುವಾಗ ಬದುವಿನಲ್ಲಿ ನಾಲ್ಕು ನಾಟಿ ಗಿಡ ಉಳಿಸಿ. ಮಕ್ಕಳ ಕೈಯಲ್ಲಿ ಅವುಗಳ ಒಂದು ರೆಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿಡಿಸಿ. ಊರು ಮತ್ತು ತಾರೀಕು ಬರೆಯುವುದನ್ನು ಮರೆಯಬೇಡಿ. ಅವಿಲ್ಲದ ಮಾದರಿ ಮುಂದೆ ಯಾರ ಅಧ್ಯಯನಕ್ಕೂ ಬರುವುದಿಲ್ಲ.