ಓಗೊಟ್ಟವನ ಕೂಗು: ಹಾಪ್ಕಿನ್ಸ್‌ನನ್ನು ಮತ್ತೆ ಓದುತ್ತಾ

ಎಂ.ಎ. ತರಗತಿಯಲ್ಲಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ನಮಗೆ ಸಿಕ್ಕಿದ್ದು ಐದು ಅಂಕದ ಟಿಪ್ಪಣಿಯಾಗಿ: ‘ಸ್ಪ್ರಂಗ್ ರಿದಮ್’ ಎಂದರೇನು? ಅವನು ಜೆಸ್ವಿಟ್ ಪಾದ್ರಿಯಾಗಿದ್ದ ಎಂಬುದು ಕವಿ ಪರಿಚಯದ ಒಂದು ಸಾಲಿನಲ್ಲಿ ಮುಗಿದುಹೋಗಿತ್ತು. ಆ ಸಾಲನ್ನು ಪಕ್ಕಕ್ಕಿಟ್ಟು ಅವನ ಕವಿತೆಗಳನ್ನು ಓದಲಾಗದು ಎಂದು ಅರಿವಾಗಲು ನನಗೆ ಕೆಲವು ವರ್ಷ ಬೇಕಾಯಿತು.

ಪಾದ್ರಿಯಾಗಲು, ಕನ್ಯಾಸ್ತ್ರೀಯಾಗಲು ಹೊರಟವರಿಗೆ ‘ದೈವಕರೆ’ ಬಂದಿದೆ ಎನ್ನುತ್ತಾರೆ ಕನ್ನಡದ ಕಥೋಲಿಕರು. ಕರೆಯುವವನು ದೇವರು, ಓಗೊಡುವವನು ಮನುಷ್ಯ. ಆಂಗ್ಲಿಕನ್ ಮನೆತನದ ಹಾಪ್ಕಿನ್ಸ್ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗಲೇ, 1866ರಲ್ಲಿ, ನ್ಯೂಮನ್ ಅವರಿಂದ ಕಥೋಲಿಕ ಸಭೆಗೆ ಸೇರಿದ. ತಂದೆತಾಯಿಗೆ ಅದು ದೊಡ್ಡ ಪೆಟ್ಟು. 1868ರಲ್ಲಿ ಯೇಸುಸಭೆ ಸೇರುವ ಮುನ್ನ ತನ್ನ ಕವಿತೆಗಳನ್ನು ಸುಟ್ಟುಹಾಕಿದ. (ಕೆಲವದರ ಪ್ರತಿಗಳು ಗೆಳೆಯ ರಾಬರ್ಟ್ ಬ್ರಿಜಸ್ ಬಳಿ ಇದ್ದವು, ಅದು ಅವನಿಗೂ ಗೊತ್ತಿತ್ತು. ತ್ಯಾಗದ ಕತೆ ಹೇಳುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.)

ಧರ್ಮ ಕವಿಯನ್ನು ನುಂಗಿತು ಎಂಬ ವಾದಕ್ಕೆ ಈ ಘಟನೆ ಅನುಕೂಲವಾಗಿ ಒದಗುತ್ತದೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಬರೆಯಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಿರಿಯರು ಬಯಸದ ಹೊರತು ಕವಿತೆ ತನ್ನ ಬದುಕಿಗೆ ಸಲ್ಲದು ಎಂದು ತೀರ್ಮಾನಿಸಿದವನು ಅವನೇ. ಹತ್ತು ವರ್ಷದ ನಂತರ ಕವಿ ಡಿಕ್ಸನ್‌ಗೆ ಬರೆದ ಪತ್ರದಲ್ಲಿ ಅದನ್ನು ಹೇಳಿಕೊಂಡಿದ್ದಾನೆ. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಈ ಹಟ ನನ್ನನ್ನು ಕಾಡುತ್ತದೆ. ಅದು ಭಕ್ತಿಯೋ, ಭಯವೋ?

ಏಳು ವರ್ಷ ಹೆಚ್ಚುಕಡಿಮೆ ಮೌನ. 1875ರ ಡಿಸೆಂಬರ್‌ನಲ್ಲಿ ‘ಡಾಯ್ಚ್‌ಲ್ಯಾಂಡ್’ ಎಂಬ ಹಡಗು ಥೇಮ್ಸ್ ಅಳಿವೆಯ ಹೊರಗೆ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಜರ್ಮನಿಯ ಚರ್ಚ್ ವಿರೋಧಿ ಕಾನೂನುಗಳಿಂದಾಗಿ ದೇಶ ಬಿಟ್ಟು ಹೊರಟಿದ್ದ ಐವರು ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರು ಸತ್ತವರಲ್ಲಿದ್ದರು. ಹಾಪ್ಕಿನ್ಸ್ ಆಗ ವೇಲ್ಸ್‌ನಲ್ಲಿ ದೈವಶಾಸ್ತ್ರ ಓದುತ್ತಿದ್ದ. ಈ ಬಗ್ಗೆ ಯಾರಾದರೂ ಒಂದು ಕವಿತೆ ಬರೆದರೆ ಚೆನ್ನ ಎಂದರು ಅಲ್ಲಿನ ರೆಕ್ಟರ್. ಮಾತಿಗೆ ಬಂದ ಮಾತು. ಕಾದು ಕುಳಿತವನಿಗೆ ಅಷ್ಟೇ ಸಾಕಾಯಿತು. 35 ಪದ್ಯಖಂಡಗಳ ‘ದಿ ರೆಕ್ ಆಫ್ ದಿ ಡಾಯ್ಚ್‌ಲ್ಯಾಂಡ್’ ಹುಟ್ಟಿತು. ಜೆಸ್ವಿಟರದೇ ಪತ್ರಿಕೆ ‘ದಿ ಮಂತ್’ ಅದನ್ನು ಪ್ರಕಟಿಸಲಿಲ್ಲ.

ಕವಿತೆಯ ಮೊದಲ ಭಾಗ ಅವನದೇ ಶರಣಾಗತಿಯ ಕತೆ: ದೇವರೆದುರು ನಡುಗಿದ ರಾತ್ರಿ, ಕೊನೆಗೆ ‘ಆಗಲಿ’ ಎಂದದ್ದು. ಎರಡನೆಯ ಭಾಗದಲ್ಲಿ ಬಿರುಗಾಳಿ. ಅದರ ನಡುವೆ ಎತ್ತರದ ನಿಲುವಿನ ಒಬ್ಬ ಕನ್ಯಾಸ್ತ್ರೀ ಬೇಗ ಬಾ ಎಂದು ಕ್ರಿಸ್ತನನ್ನು ಕೂಗುತ್ತಾಳೆ. ಕತೆ ಅಲ್ಲಿಗೆ ನಿಂತುಬಿಡುತ್ತದೆ. ಅವಳ ಮಾತಿನ ಅರ್ಥವೇನು? ಪ್ರಿಯನಂತೆಯೇ ಸಾಯುವ ಆಸೆಯೇ? ಸಂಕಟ ಬೇಗ ಮುಗಿದು ಕಿರೀಟ ಸಿಗಲಿ ಎಂದೇ? ಒಂದೊಂದನ್ನೇ ಎತ್ತಿ, ತೂಗಿ, ಕೆಳಗಿಡುತ್ತಾನೆ. ಉತ್ತರ ಹತ್ತಿರವಾದಾಗ ಭಾಷೆಯೇ ತೊದಲುತ್ತದೆ, ವಾಕ್ಯಗಳು ಅರ್ಧಕ್ಕೆ ತುಂಡಾಗುತ್ತವೆ. ಇಡೀ ಕವಿತೆಯಲ್ಲಿ ನಾನು ಹೆಚ್ಚು ನಂಬುವ ಜಾಗ ಅದು. ಇಂಗ್ಲೆಂಡ್ ಹಳೆಯ ನಂಬಿಕೆಗೆ ಮರಳಲಿ ಎಂಬ ಕೊನೆಯ ಪ್ರಾರ್ಥನೆ ಮಾತ್ರ ನನ್ನ ಕಿವಿಗೆ ಪ್ರವಚನದಂತೆ ಕೇಳುತ್ತದೆ.

ಕನ್ನಡದಲ್ಲಿ ‘ಕರೆ’ ಎರಡೂ ದಿಕ್ಕಿಗೆ ಸಲ್ಲುವ ಪದ. ದೇವರ ಕರೆಗೆ ಹಿಂದೆಯೇ ಓಗೊಟ್ಟಿದ್ದ ಆ ಹೆಂಗಸು ಈಗ ತಾನೇ ಅವನನ್ನು ಕರೆಯುತ್ತಿದ್ದಾಳೆ. ಓಗೊಡುವ ಸರದಿ ಅವನದು. ಆ ಕವಿತೆಯಲ್ಲಿ ಅವನು ಬರುತ್ತಾನೆ ಎಂದು ಹಾಪ್ಕಿನ್ಸ್ ಖಚಿತವಾಗಿ ನಂಬಿದ್ದ.

ಡಬ್ಲಿನ್‌ನಲ್ಲಿ ಬರೆದ ಸಾನೆಟ್‌ಗಳಿಗೆ ಬಂದಾಗ ಆ ಖಚಿತತೆ ಉಳಿದಿಲ್ಲ. 1884ರಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿ ಅಲ್ಲಿಗೆ ಹೋದವನಿಗೆ ಮುಗಿಯದಷ್ಟು ಉತ್ತರಪತ್ರಿಕೆಗಳ ಮೌಲ್ಯಮಾಪನ (ನಮ್ಮ ಅತಿಥಿ ಉಪನ್ಯಾಸಕರಿಗೆ ಇದರ ಕಷ್ಟ ವಿವರಿಸಬೇಕಿಲ್ಲ), ಕುಸಿದ ಆರೋಗ್ಯ, ಒಂಟಿತನ. ಒಂದು ಸಾನೆಟ್‌ನಲ್ಲಿ ಕತ್ತಲಲ್ಲಿ ಎಚ್ಚರವಾದವನು ತನ್ನ ಕೂಗುಗಳನ್ನು ವಿಳಾಸ ತಲುಪದ ಪತ್ರಗಳಿಗೆ ಹೋಲಿಸುತ್ತಾನೆ. ಹಡಗಿನ ಮೇಲಿನ ಹೆಂಗಸಿನ ಜಾಗದಲ್ಲಿ ಈಗ ಅವನೇ ನಿಂತಿದ್ದಾನೆ, ಕೇಳುವವನು ಮಾತ್ರ ಬಹುದೂರ.

ಈ ಸಾನೆಟ್‌ಗಳನ್ನು ನಂಬಿಕೆ ಸತ್ತದ್ದಕ್ಕೆ ಸಾಕ್ಷಿಯೆಂದು ಓದುವುದು ಸುಲಭ. ಆದರೆ ಸಭೆ ಬಿಡುವ ಮಾತು ಅಲ್ಲೆಲ್ಲೂ ಇಲ್ಲ. 1889ರಲ್ಲಿ, 44ನೆಯ ವಯಸ್ಸಿನಲ್ಲಿ, ಟೈಫಾಯ್ಡ್‌ನಿಂದ ತೀರಿಕೊಳ್ಳುವವರೆಗೂ ಅವನು ಜೆಸ್ವಿಟನೇ. ಕವಿತೆಗಳನ್ನು ಬ್ರಿಜಸ್ ಪುಸ್ತಕವಾಗಿ ತಂದದ್ದು 1918ರಲ್ಲಿ. ತಲುಪದ ಆ ಪತ್ರಗಳ ಸಾನೆಟ್‌ನಲ್ಲೂ, ದೂರದಲ್ಲಿರುವವನನ್ನು ಅವನು ಅತ್ಯಂತ ಪ್ರಿಯನೆಂದೇ ಕರೆಯುತ್ತಾನೆ.