ಎರಡನೆಯ ಪ್ರಶ್ನೆಗೆ ತಯಾರಿ ಎಲ್ಲಿ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಕುಶಾಲನಗರದಲ್ಲಿ ಅಣಕು ಸಂದರ್ಶನಗಳ ಸುಗ್ಗಿ. ವಿದ್ಯಾಧನ್‌ನಂಥ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಮೇಜಿನಾಚೆ ಮೂವರು ಹಿರಿಯರು ಮುಖ ಬಿಗಿದುಕೊಂಡು ಪ್ರಶ್ನೆ ಕೇಳುತ್ತಾರೆ. ಆಮೇಲೆ ‘ಕಾನ್ಫಿಡೆನ್ಸ್ ಸಾಲದು’ ಎಂಬ ಷರಾ. ಮಾಡುವವರು ಪುಕ್ಕಟೆ ಮಾಡುತ್ತಾರೆ, ಒಳ್ಳೆಯ ಮನಸ್ಸಿನವರು. ಅದಕ್ಕೇ ಇರಬೇಕು, ಈ ಕೆಲಸವನ್ನು ಎಲ್ಲರೂ ಹೊಗಳಿದ್ದಾರೆಯೇ ಹೊರತು ಯಾರೂ ಕೂತು ಗಮನಿಸಿಲ್ಲ. ಗಮನಿಸಿದವನಾಗಿ ಹೇಳುತ್ತೇನೆ: ಇದಕ್ಕೆ ಸಿಕ್ಕಿರುವ ಹೆಸರು ಇದರ ಯೋಗ್ಯತೆಗಿಂತ ಬಹಳ ದೊಡ್ಡದು.

ನಡುಕ ಕಡಿಮೆಯಾಗುತ್ತದೆ, ಆದಾಯ ಪ್ರಮಾಣಪತ್ರ ಮರೆಯದೆ ಹಿಡಿದುಕೊಂಡು ಹೋಗುವುದು ರೂಢಿಯಾಗುತ್ತದೆ, ಒಪ್ಪಿದೆ. ಅಷ್ಟಕ್ಕೆ ಒಂದು ಮಧ್ಯಾಹ್ನ ಸಾಕು. ಉಳಿದ ಹೊತ್ತೆಲ್ಲ ಖರ್ಚಾಗುವುದು ‘ಸೆಲ್ಫ್ ಇಂಟ್ರೊಡಕ್ಷನ್’ ಎಂಬ ಒಂದೂವರೆ ನಿಮಿಷದ ಉರುಹೊಡೆತಕ್ಕೆ. ಸುಂಟಿಕೊಪ್ಪ ಕಡೆಯ ಹುಡುಗಿಯೊಬ್ಬಳು ಒಪ್ಪಿಸಿದ್ದು ಹೀಗೆ: “ಐ ಆಮ್ ಫ್ರಮ್ ಸುಂಟಿಕೊಪ್ಪ. ಮೈ ಫಾದರ್ ಈಸ್ ಎ ಡ್ರೈವರ್, ಮೈ ಮದರ್ ಈಸ್ ಎ ಹೌಸ್‌ವೈಫ್. ಮೈ ಸ್ಟ್ರೆಂತ್ ಈಸ್ ಹಾರ್ಡ್‌ವರ್ಕ್. ಮೈ ವೀಕ್‌ನೆಸ್ ಈಸ್ ಐ ಟ್ರಸ್ಟ್ ಎವ್ರಿಬಡಿ. ಮೈ ಏಮ್ ಈಸ್ ಟು ಬಿಕಮ್ ಆನ್ ಐಎಎಸ್ ಆಫೀಸರ್.”

ಊರಿನ ಹೆಸರು ಬದಲಿಸಿದರೆ ಇದು ಸೋಮವಾರಪೇಟೆಗೂ ಸಲ್ಲುತ್ತದೆ, ಪಿರಿಯಾಪಟ್ಟಣಕ್ಕೂ ಸಲ್ಲುತ್ತದೆ. ‘ವೀಕ್‌ನೆಸ್’ ಎಂದು ಹೇಳಿದ್ದು ವೀಕ್‌ನೆಸ್ಸೇ ಅಲ್ಲ, ಮುಸುಕು ಹಾಕಿಕೊಂಡ ಆತ್ಮಪ್ರಶಂಸೆ. ಆಯ್ಕೆ ಸಮಿತಿಯವರು ಮೊದಲ ಚಹಾ ಬರುವುದರೊಳಗೆ ಅದನ್ನು ಹತ್ತು ಬಾಯಲ್ಲಿ ಕೇಳಿರುತ್ತಾರೆ. ಹೋಗಲಿ. ನನ್ನನ್ನು ಕಾಡಿದ್ದು ಅಮ್ಮನ ಬಗೆಗಿನ ಸಾಲು. ಊಟದ ಬಿಡುವಿನಲ್ಲಿ ಹುಡುಗಿಯನ್ನು ಕನ್ನಡದಲ್ಲಿ ಮಾತಾಡಿಸಿದೆ. ಅಮ್ಮ ಜನವರಿಯಿಂದ ಮಾರ್ಚ್‌ವರೆಗೆ ತೋಟದಲ್ಲಿ ರೊಬಸ್ಟಾ ಕಾಫಿ ಹಣ್ಣು ಬಿಡಿಸುತ್ತಾಳೆ, ಕೂಲಿ ಕಿಲೋ ಲೆಕ್ಕ. ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ತೂಕ ಹಾಕುವಾಗ ಗೋಣಿಯೊಂದಕ್ಕೆ ಒಂದು ಕಿಲೋ ಕಳೆಯುತ್ತಾರೆ. ಖಾಲಿ ಗೋಣಿಯನ್ನು ಇವಳು ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದ್ದಾಳೆ, ಅಷ್ಟು ತೂಗುವುದಿಲ್ಲ. ಜಗಳವಾಡಿ ಪ್ರಯೋಜನವಿಲ್ಲವೆಂದು ಅಮ್ಮನಿಗೆ ಬೇರೆ ಉಪಾಯ ಹೇಳಿಕೊಟ್ಟಳು: ಎರಡು ಗೋಣಿ ಅರೆಬರೆ ತುಂಬಬೇಡ, ಒಂದನ್ನೇ ಒತ್ತಿ ತುಂಬು, ಒಂದೇ ಸಲ ಕಳೆಯಲಿ.

ಸಂದರ್ಶನದ ಉತ್ತರವೆಂದರೆ ಇದು. ಗಮನಿಸಿದ್ದು, ಅಳೆದದ್ದು, ಲೆಕ್ಕ ಹಾಕಿದ್ದು, ತೀರ್ಮಾನಕ್ಕೆ ಬಂದದ್ದು, ಎಲ್ಲ ಇದೆ. ತರಬೇತಿ ಇದನ್ನು ‘ಹೌಸ್‌ವೈಫ್’ ಎಂಬಲ್ಲಿಗೆ ಹೂತುಹಾಕಿತು. ಸಮಿತಿಯವರು ಮೊದಲ ಪ್ರಶ್ನೆಗೆ ಬಂದ ಉತ್ತರದಲ್ಲಿ ಎಳೆಯಲು ಒಂದು ದಾರದ ತುದಿ ಹುಡುಕುತ್ತಿರುತ್ತಾರೆ. ನಿಜವಾದ ಸಂದರ್ಶನ ಶುರುವಾಗುವುದು ಎರಡನೆಯ ಪ್ರಶ್ನೆಯಿಂದ. ‘ಹೌಸ್‌ವೈಫ್’ ಎಂದಮೇಲೆ ಎರಡನೆಯದಾಗಿ ಏನು ಕೇಳುವುದು? 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಾವೇರಿ ಪ್ರವಾಹ ಕುಶಾಲನಗರದ ಸಾಯಿ ಬಡಾವಣೆಗೂ ಕುವೆಂಪು ಬಡಾವಣೆಗೂ ನುಗ್ಗಿದ್ದನ್ನು ಕಣ್ಣಾರೆ ಕಂಡ ಮಕ್ಕಳು ಅದೇ ಕೋಣೆಯಲ್ಲಿದ್ದರು. ಅವರಿಗೆ ಕೇಳಿದ್ದು ರಾಜಧಾನಿಗಳ ಹೆಸರು.

‘ಹಳ್ಳಿ ಮಕ್ಕಳಿಗೆ ಜ್ಞಾನವಿದೆ, ಕಮ್ಯುನಿಕೇಶನ್ ಇಲ್ಲ’ ಎಂದು ಬರೆಯುವ ಅಂಕಣಕಾರರಿಗೆ ಹೆಚ್ಚು ಹೇಳುವುದೇನೂ ಇಲ್ಲ. ಆ ಹುಡುಗಿ ನನ್ನೊಂದಿಗೆ ಎಲ್ಲಿಯೂ ತಡವರಿಸಲಿಲ್ಲ. ಕನ್ನಡದಲ್ಲಿ ಉತ್ತರಿಸಬಹುದೇ ಎಂದು ಸಮಿತಿಯನ್ನು ಮೊದಲೇ ಕೇಳಿಕೊಳ್ಳಿ ಎಂಬ ಸಲಹೆ ಮಾತ್ರ ಆ ತರಬೇತಿಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ನನ್ನ ತಕರಾರು ಇನ್ನೊಂದು ಪಂಗಡದೊಂದಿಗೆ. ಸಂದರ್ಶನವೇ ಮೋಸ, ಕಿತ್ತುಹಾಕಿ ಎನ್ನುವವರು ಇವರು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ‘ಸಿ’, ‘ಡಿ’ ದರ್ಜೆಯ ಹುದ್ದೆಗಳಿಗೆ ಸಂದರ್ಶನ ತೆಗೆದದ್ದನ್ನು ಇವರು ನೆನಪಿಸುತ್ತಾರೆ. ಅದರ ಮೇಲೆ ಸುಪ್ರೀಂ ಕೋರ್ಟಿನ 1980ರ ಅಜಯ್ ಹಾಸಿಯಾ ತೀರ್ಪನ್ನು ಹೇರುತ್ತಾರೆ. ಆದರೆ ಈ ಜಗಳ ನಮ್ಮ ರಾಜ್ಯಕ್ಕೆ ಅದಕ್ಕಿಂತ ಹಳೆಯದು. ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳ ಆಯ್ಕೆಯಲ್ಲಿ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಮೈಸೂರು ಸರ್ಕಾರ ಸಂದರ್ಶನಕ್ಕೆ ಇಟ್ಟಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಕ್ರೀಡೆ, ಚರ್ಚೆ, ನಾಟಕ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಸಿಯಾ ಪ್ರಕರಣದ ಶ್ರೀನಗರದ ಕಾಲೇಜಿನಲ್ಲಿ 150 ಅಂಕಗಳಲ್ಲಿ 50 ಮೌಖಿಕಕ್ಕೆ. ಒಬ್ಬೊಬ್ಬರಿಗೆ ಕೊಟ್ಟದ್ದು ಎರಡು ಮೂರು ನಿಮಿಷ. ಕೇಳಿದ್ದು ತಂದೆ ಯಾರು, ಮನೆ ಎಲ್ಲಿ. ಶೇ. 15 ಮೀರಿದರೆ ಅದು ಮನಸೋಇಚ್ಛೆಯ ಆಯ್ಕೆ ಎಂದಿತು ನ್ಯಾಯಮೂರ್ತಿ ಭಗವತಿಯವರ ತೀರ್ಪು. ಸಂದರ್ಶನ ಬೇಡವೆನ್ನಲಿಲ್ಲ. ಅಂಕದ ಪಾಲನ್ನೂ ನಡೆಸಿದ ರೀತಿಯನ್ನೂ ಅದು ದೂರಿತು. ಕಿತ್ತುಹಾಕಿ ಎನ್ನುವವರು ಶೇ. 15ರ ಸಾಲಿಗೆ ಬಂದು ಪುಸ್ತಕ ಮುಚ್ಚಿಬಿಡುತ್ತಾರೆ.

ವಿದ್ಯಾರ್ಥಿವೇತನದ ವಿಷಯದಲ್ಲಂತೂ ಇವರ ವಾದ ನಿಲ್ಲುವುದೇ ಇಲ್ಲ. ವಿದ್ಯಾಧನ್‌ಗೆ ಅರ್ಜಿ ಹಾಕುವವರ ಮನೆಯ ವರಮಾನ ವರ್ಷಕ್ಕೆ 2 ಲಕ್ಷದೊಳಗಿರಬೇಕು, ಅಂಕ ಶೇ. 90 ದಾಟಿರಬೇಕು. ಅಲ್ಲಿ ಸೇರುವವರೆಲ್ಲ ಬಡವರೇ, ಜಾಣರೇ. ತೋಟದ ಕೂಲಿಗಳ ಲೈನ್‌ಮನೆಯಲ್ಲಿ ಓದಿ ತೆಗೆದ 92ಕ್ಕೂ ಪೇಟೆಯ ಟ್ಯೂಷನ್ನಿನಲ್ಲಿ ಬಂದ 95ಕ್ಕೂ ಇರುವ ವ್ಯತ್ಯಾಸವನ್ನು ಅಂಕಪಟ್ಟಿ ಹೇಳಲಾರದು, ಮಾತು ಹೇಳಬಲ್ಲದು. ಸಂದರ್ಶನ ಕಿತ್ತರೆ ಮೊದಲು ಹೊರಬೀಳುವವಳು ಆ ಗೋಣಿ ಲೆಕ್ಕದ ಹುಡುಗಿ. ವಿಚಿತ್ರವೆಂದರೆ, ಯಾವ ಪ್ರಶ್ನೆಗಳನ್ನು ನ್ಯಾಯಾಲಯ ಆಕ್ಷೇಪಿಸಿತೋ ಅವನ್ನೇ ನಮ್ಮ ತರಬೇತಿಯವರು ಮೊದಲ ಎರಡು ಸಾಲುಗಳ ಬಾಯಿಪಾಠ ಮಾಡಿದ್ದಾರೆ. ಅಪ್ಪ ಅಮ್ಮನ ಕೆಲಸ ಕೇಳುವುದು ತಪ್ಪಲ್ಲ. ನಮೂನೆಯ ಖಾನೆ ತುಂಬಲು ಕೇಳಿ ಅಲ್ಲೇ ನಿಲ್ಲುವುದು ತಪ್ಪು.

ಹಾಸಿಯಾ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ತರಬೇತಿ ಕೊಡುವವರೂ ಕಿತ್ತುಹಾಕಿ ಎನ್ನುವವರೂ ಮರೆತದ್ದು: ಸಂದರ್ಶನಗಳನ್ನು ಟೇಪ್‌ರೆಕಾರ್ಡ್ ಮಾಡಿದರೆ ಒಳ್ಳೆಯದು ಎಂಬ ಸಲಹೆ. ಈಗ ಅದಕ್ಕೆ ಮೊಬೈಲ್ ಸಾಕು. ಅಣಕು ಸಂದರ್ಶನ ನಡೆಸುವ ಹಿರಿಯರು ತಮ್ಮದೇ ಒಂದು ಬೆಳಗಿನ ಕಲಾಪವನ್ನು ರೆಕಾರ್ಡ್ ಮಾಡಿ ರಾತ್ರಿ ಕೂತು ಕೇಳಲಿ. ಒಂದೊಂದು ಮಗು ಎಷ್ಟು ಹೊತ್ತು ಮಾತಾಡಿತು, ತಾವು ಎಷ್ಟು ಹೊತ್ತು ಬುದ್ಧಿ ಹೇಳಿದೆವು, ಒಂದು ಉತ್ತರದ ಬೆನ್ನು ಹತ್ತಿ ಎರಡನೆಯ ಪ್ರಶ್ನೆಯನ್ನು ಎಷ್ಟು ಸಲ ಕೇಳಿದೆವು, ಇಷ್ಟನ್ನು ಬರೆದುಕೊಳ್ಳಲಿ. ಮುಂದಿನ ವರ್ಷದ ತರಬೇತಿಯ ಪಾಠಪಟ್ಟಿಯನ್ನು ಆ ಹಾಳೆಯಿಂದಲೇ ಮಾಡಬಹುದು.