ಆ ಕಡೆ ಹೋಗಬೇಡ

ಮೊನ್ನೆ ಸಂಜೆ ಮಗಳ ಸ್ಕೂಟರಿನ ಹಿಂದೆ ಕೂತು ಆರತಕ್ಷತೆಯೊಂದಕ್ಕೆ ಹೊರಟಿದ್ದೆ. ಮೊಬೈಲಿನ ನಕ್ಷೆ ನಮ್ಮನ್ನು ರೈಲ್ವೆ ಹಳಿ ಪಕ್ಕದ ಕತ್ತಲೆ ದಾರಿಗೆ ಇಳಿಸಿತು. "ಈ ದಾರಿ ಬೇಡ ಅಂತ ಅದಕ್ಕೆ ಹೇಳೋಕೆ ಬರಲ್ವೇನೇ?" ಎಂದೆ. "ಟೋಲ್ ಬೇಡ, ಹೆದ್ದಾರಿ ಬೇಡ ಅನ್ನಬಹುದಮ್ಮ. ಕತ್ತಲೆ ಬೇಡ ಅನ್ನೋಕಾಗಲ್ಲ" ಎಂದಳು.

2024ರಲ್ಲಿ ಗೂಗಲ್ ಮ್ಯಾಪ್ಸ್ ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ ಕಾರಿನವರಿಗೆ ಇಕ್ಕಟ್ಟಾದ ರಸ್ತೆ ತಪ್ಪಿಸುವ ಅನುಕೂಲ ಮಾಡಿಕೊಟ್ಟಿತು. ಕಾರಿನ ಮೈ ತರಚಬಾರದು, ಸರಿಯೇ. ನಮ್ಮ ಅಳುಕಿನ ಲೆಕ್ಕವೆಲ್ಲಿ?

ಹಾಗೆಂದು 'ಅಪಾಯದ ಜಾಗ' ಎಂದು ಕೆಂಪು ಬಳಿದುಬಿಟ್ಟರೆ ಮುಗಿಯಿತೆ? 2015ರಲ್ಲಿ ಬ್ರೆಜಿಲ್ಲಿನ ನಿತೆರೊಯ್‌ನಲ್ಲಿ ವೇಜ್ ತಂತ್ರಾಂಶ ನಂಬಿ ಹೊರಟ ದಂಪತಿ, ಅದೇ ಹೆಸರಿನ ಇನ್ನೊಂದು ಬೀದಿಗೆ, ದುಷ್ಕರ್ಮಿಗಳ ಹಿಡಿತದ ಕೊಳೆಗೇರಿಗೆ ಹೋದರು. ಹೆಂಡತಿ ಗುಂಡಿಗೆ ಬಲಿಯಾದರು. ಮರುವರ್ಷ ರಿಯೊ ಒಲಿಂಪಿಕ್ಸ್ ಹೊತ್ತಿಗೆ ಅಪಾಯದ ಪ್ರದೇಶಗಳ ಎಚ್ಚರಿಕೆ ಬಂತು. ಅದನ್ನು ತಪ್ಪೆನ್ನಲಾರೆ. ಆದರೆ 2014ರಲ್ಲಿ ಅಮೆರಿಕದಲ್ಲಿ ಸ್ಕೆಚ್‌ಫ್ಯಾಕ್ಟರ್ ಬಂದಾಗ, ಅಳುಕು ಹುಟ್ಟಿಸುವ ಬೀದಿಗಳನ್ನು ಜನರೇ ಗುರುತಿಸಬೇಕಿತ್ತು. ಇದು ಬಡವರ, ಕರಿಯರ ಕೇರಿಗಳಿಗೆ ಮಸಿ ಬಳಿಯುವ ಕೆಲಸವೆಂದು ಹಲವರು ಸಿಡಿದೆದ್ದರು.

ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಒಮ್ಮೆ ಶಾಲಾ ವಾರ್ಷಿಕೋತ್ಸವ ಮುಗಿದಾಗ ರಾತ್ರಿ ಎಂಟಾಗಿತ್ತು. ಏಳನೇ ತರಗತಿಯ ಹುಡುಗಿಯೊಬ್ಬಳನ್ನು ಮನೆ ಮುಟ್ಟಿಸಬೇಕಿತ್ತು. ಕೇರಿಯ ಹೆಸರು ಕೇಳಿದೊಡನೆ ಮೂರು ಆಟೋದವರು "ಆ ಕಡೆ ಬರಲ್ಲ ಮೇಡಂ" ಎಂದರು. ಪ್ರತಿ ಸಲವೂ ಅವಳು ತಲೆ ತಗ್ಗಿಸಿದಳು, ತಾನೇ ಏನೋ ತಪ್ಪು ಮಾಡಿದವಳಂತೆ. ಕೊನೆಗೆ ನಡೆದೇ ಹೋದೆವು. ನಿಜವಾಗಿ ಎದೆ ಹೊಡೆದುಕೊಂಡದ್ದು ಕೇರಿಗೆ ಮುಂಚೆ, ದೀಪ ಕೆಟ್ಟ ಮೂರು ಕಂಬಗಳ ನಡುವೆ. ಕೇರಿಯೊಳಗೆ ಹೆಂಗಸರು ಹೊಸ್ತಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. "ಟೀಚರಮ್ಮ ಬಂದ್ರು" ಎಂದು ಚಾಪೆ ಹಾಸಿದರು.

ನಕ್ಷೆ ಮಾಡುವವರು ಆ ಹುಡುಗಿಯ ಮನೆಗೆ ಕೆಂಪು ಬಳಿಯುತ್ತಿದ್ದರೋ, ಆ ಮೂರು ಕಂಬಗಳಿಗೋ? ನಮ್ಮ ದೇಶದಲ್ಲೇ 2013ರಲ್ಲಿ ಶುರುವಾದ ಸೇಫ್ಟಿಪಿನ್ ಇಲ್ಲಿ ಮೆಚ್ಚುಗೆಯಾಗುತ್ತದೆ. ಬೆಳಕಿದೆಯೆ, ನಡೆಯಲು ಜಾಗವಿದೆಯೆ, ಓಡಾಡುವವರಲ್ಲಿ ಹೆಂಗಸರಿದ್ದಾರೆಯೆ ಎಂದು ಅದು ವಿಚಾರಿಸುತ್ತದೆ. ಇಲ್ಲವೆಂಬ ಉತ್ತರ ಬಂದರೆ ಸರಿಪಡಿಸಬಹುದು. 'ಕೆಟ್ಟ ಕೇರಿ' ಎಂಬ ಮಾತಿಗೆ ರಿಪೇರಿ ಎಲ್ಲಿದೆ?

ಮಗಳಿಗೆ ಈಗಲೂ "ಹುಷಾರು" ಎನ್ನುತ್ತೇನೆ, ತಾಯಿಯಲ್ಲವೆ? ಆದರೆ ಜಾಗದ ಹೆಸರು ಹೇಳುವ ಮೊದಲು ಆ ತಗ್ಗಿದ ತಲೆ ನೆನಪಾಗಿ, "ದೀಪವಿರುವ ದಾರಿಯಲ್ಲಿ ಬಾ" ಎಂದಷ್ಟೇ ಹೇಳುತ್ತೇನೆ.